ಹಳೆ ಬರ್ಲಿನ್ನಿನ ಡಾನ್ಸ್ ಹಾಡುಗಳನ್ನು ನಾವು ನುಡಿಸಬಹುದಾ?

ಪ್ರಶ್ನೆ: ನಮ್ಮದು ಎಂಟು ಜನರ ವಾದ್ಯತಂಡ. 1920–30ರ ದಶಕದ ಜರ್ಮನ್ ಡಾನ್ಸ್ ಆರ್ಕೆಸ್ಟ್ರಾ ಹಾಡುಗಳನ್ನು ಯೂಟ್ಯೂಬಿನಲ್ಲಿ ಕೇಳಿ ಮರುಳಾಗಿದ್ದೇವೆ. ವೇದಿಕೆ ಮೇಲೆ ನುಡಿಸುವ ಆಸೆ. ಆದರೆ ತಂಡದಲ್ಲೊಬ್ಬರು, ‘ಅದು ಹಿಟ್ಲರ್ ಕಾಲದ ಸಂಗೀತ, ನಮಗ್ಯಾಕೆ?’ ಅಂತಾರೆ. ಇನ್ನೊಬ್ಬರು ಈಗಿನ ಬೀಟ್ ಸೇರಿಸೋಣ ಅಂತಾರೆ. ಏನು ಮಾಡೋಣ ಸಾರ್?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ನುಡಿಸಿ. ಮೊದಲನೆಯ ಗೆಳೆಯರಿಗೆ ಕೆಲವು ಹೆಸರು ಹೇಳಿ. ಪಾಲ್ ಗಾಡ್ವಿನ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಪಿಟೀಲುಗಾರರು. ಬರ್ಲಿನ್ನಿನಲ್ಲಿ ತಂಡ ಕಟ್ಟಿ ರಾಶಿ ರಾಶಿ ರೆಕಾರ್ಡ್ ಕೊಟ್ಟರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಊರು ಬಿಟ್ಟು ಹಾಲೆಂಡ್ ಸೇರಬೇಕಾಯಿತು. ಕೀವ್‌ನಲ್ಲಿ ಹುಟ್ಟಿದ ಇನ್ನೊಬ್ಬ ಯಹೂದಿ ಪಿಟೀಲುಗಾರ, ತಂಡದ ನಾಯಕ ದಾಯೋಶ್ ಬೇಲಾ ಅರ್ಜೆಂಟೀನಾಕ್ಕೆ ಹೋದರು. ಕಾಮೆಡಿಯನ್ ಹಾರ್ಮೊನಿಸ್ಟ್ಸ್ ತಂಡದಲ್ಲಿ ಮೂವರು ಗಾಯಕರು ಯಹೂದಿ ಮೂಲದವರು, ಹಾಗಾಗಿ 1935ರ ಹೊತ್ತಿಗೆ ಆ ತಂಡವೇ ಒಡೆದುಹೋಯಿತು. ವಿಲ್ಲಿ ರೋಸನ್ ಹಾಡನ್ನು ತಾವೇ ಬರೆದು, ತಾವೇ ರಾಗ ಹಾಕಿ, ಪಿಯಾನೊ ಮುಂದೆ ಕೂತು ಹಾಡುತ್ತಿದ್ದರು. 1944ರಲ್ಲಿ ಅವರನ್ನು ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ಕೊಂದರು. ಹಿಟ್ಲರನ ಜನ ಅಳಿಸಿಹಾಕಲು ನೋಡಿದ್ದು ಇದೇ ಹಾಡುಗಳನ್ನು. ಅದನ್ನು ನುಡಿಸಬಾರದು ಅಂದರೆ ನನಗಂತೂ ಸಂಕಟವಾಗುತ್ತದೆ.

ಇನ್ನು ಹೊಸ ಬೀಟ್ ವಿಷಯ. ಬೇಡ. ಈ ಸಂಗೀತಕ್ಕೆ ಮತ್ತೆ ಜೀವ ಬಂದದ್ದು ಹೇಗೆ ನೋಡಿ. 1986ರಲ್ಲಿ ಬರ್ಲಿನ್ನಿನಲ್ಲಿ ಸಂಗೀತ ಕಲಿಯುತ್ತಿದ್ದ ಗಾಯಕ ಮಾಕ್ಸ್ ರಾಬೆ ಮತ್ತು ಗೆಳೆಯರು ಪಾಲಾಸ್ಟ್ ಆರ್ಕೆಸ್ಟರ್ ಎಂಬ ತಂಡ ಕಟ್ಟಿದರು. ಹಳೆ ಸಾಮಾನಿನ ಸಂತೆಗಳಲ್ಲಿ ಹುಡುಕಿ ಆ ಕಾಲದಲ್ಲೇ ಅಚ್ಚಾದ ನೊಟೇಷನ್ ಹಾಳೆಗಳನ್ನು ತಂದರು. ಒಂದು ವರ್ಷ ಅಭ್ಯಾಸ ಮಾಡಿದರು. 1987ರಲ್ಲಿ ಬರ್ಲಿನ್ನಿನ ಥಿಯೇಟರ್ ಬಾಲ್ ಎಂಬ ನೃತ್ಯಕೂಟದಲ್ಲಿ ಅವರಿಗೆ ಸಿಕ್ಕಿದ ಜಾಗ ಹೊರಗಿನ ಲಾಬಿ. ಅಲ್ಲಿಂದ ಶುರುವಾದವರು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ವರೆಗೂ ಹೋದರು. 2010ರಲ್ಲಿ ಇಸ್ರೇಲಿನಲ್ಲೂ ನುಡಿಸಿದರು. ಹಾಳೆಯಲ್ಲಿದ್ದದ್ದನ್ನು ನಂಬಿ, ಗೇಲಿ ಮಾಡದೆ ನುಡಿಸಿದ್ದಕ್ಕೇ ಅದು ಜನರಿಗೆ ಮುಟ್ಟಿತು.

ನೀವು ಒಂದು ಹಳೆ ಫಾಕ್ಸ್‌ಟ್ರಾಟ್ (ಜೋಡಿಯಾಗಿ ಕುಣಿಯುವ ಡಾನ್ಸ್) ರೆಕಾರ್ಡನ್ನು ಗಮನವಿಟ್ಟು ಕೇಳಿ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. (ಆ ತಟ್ಟೆಗೆ ಬೇಕಾದ ಅರಗು ಹೆಚ್ಚಾಗಿ ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು.) ಎಷ್ಟೋ ರೆಕಾರ್ಡುಗಳಲ್ಲಿ ಮೊದಲ ಒಂದು ನಿಮಿಷ ಹಾಡುಗಾರನೇ ಇರಲ್ಲ. ಪಿಟೀಲು, ಸ್ಯಾಕ್ಸ್ ಸೇರಿ ರಾಗ ನುಡಿಸುತ್ತವೆ. ಮಧ್ಯದಲ್ಲಿ ಹಾಡುಗಾರ ಬಂದು ಪಲ್ಲವಿಯನ್ನು ಒಂದೇ ಸಲ ಹಾಡಿ ಸುಮ್ಮನಾಗುತ್ತಾನೆ. ಮತ್ತೆ ವಾದ್ಯಗಳು. ಲೇಬಲ್ ಮೇಲೆ ಅವನ ಹೆಸರೂ ಇರುತ್ತಿರಲಿಲ್ಲ ಎಷ್ಟೋ ಸಲ. ಜನ ಬಂದದ್ದು ಕುಣಿಯಲಿಕ್ಕೆ, ಅಲ್ವಾ? ಆದ್ದರಿಂದ ನಿಮ್ಮ ಗಾಯಕರಿಗೆ ಇಡೀ ಹಾಡು ಕೊಡಬೇಡಿ.

ಎಂಟು ಜನಕ್ಕೆ ಪಿಟೀಲು, ಎರಡು ಸ್ಯಾಕ್ಸೊಫೋನ್, ಟ್ರಂಪೆಟ್, ಪಿಯಾನೊ, ಬ್ಯಾಂಜೊ, ಬಾಸ್, ಡ್ರಮ್ಸ್ ಸಾಕು. ಬ್ಯಾಂಜೊ ಬದಲು ಗಿಟಾರ್ ಇಟ್ಟರೆ 1930ರ ದಶಕದ ಧ್ವನಿ ಬರುತ್ತದೆ, 1920ರದು ಬರಲ್ಲ. ಸ್ಯಾಕ್ಸ್ ನುಡಿಸುವವರು ಕ್ಲಾರಿನೆಟ್ ಕೂಡ ಕೈಗೆತ್ತಿಕೊಳ್ಳುವಂತಿರಲಿ, ಆಗಿನವರು ಹಾಗೇ ಮಾಡುತ್ತಿದ್ದರು. ನಮ್ಮಲ್ಲಿ ಸ್ಯಾಕ್ಸ್ ಅಂದರೆ ಕದ್ರಿ ಗೋಪಾಲನಾಥರ ಗಮಕ ಕಿವಿಯಲ್ಲಿ ಕೂತಿದೆ. ಇಲ್ಲಿ ಅದನ್ನು ಪಕ್ಕಕ್ಕಿಡಬೇಕು. ಸ್ವರ ಚುಟುಕಾಗಿ, ಸ್ಪಷ್ಟವಾಗಿ ಬಿಡಬೇಕು. ಪಿಟೀಲು ಹಿಡಿದವನಾಗಿ ಒಂದು ಮಾತು: ಸ್ಯಾಕ್ಸ್‌ನ ಮೇಲೆ ಜೋರು ಮಾಡಲು ಹೋಗಬೇಡಿ, ಅದರ ಒಳಗೇ ಸೇರಿಕೊಳ್ಳಿ. ನನಗೆ ಅತಿ ಇಷ್ಟವಾದ ಧ್ವನಿ ಅದೇ.

ಲಯ ಓಡಬಾರದು. ಅಭ್ಯಾಸದ ದಿನ ಇಬ್ಬರನ್ನು ಎಬ್ಬಿಸಿ ಹೆಜ್ಜೆ ಹಾಕಿಸಿ, ಅವರು ತಡವರಿಸಿದರೆ ನಿಮ್ಮ ವೇಗ ಜಾಸ್ತಿಯಾಗಿದೆ. ಕಛೇರಿಯ ದಿನ ಪ್ರತಿ ಹಾಡಿಗೂ ರಾಗ ಹಾಕಿದವರು, ಸಾಹಿತ್ಯ ಬರೆದವರು ಯಾರು, ಅವರು ಮುಂದೆ ಏನಾದರು ಎಂದು ಎರಡು ಸಾಲು ಕನ್ನಡದಲ್ಲಿ ಹೇಳಿ, ಆಮೇಲೆ ನುಡಿಸಿ. ದಿನಾಂಕ ಗೊತ್ತಾದ ಕೂಡಲೇ ನನಗೊಂದು ಕಾಗದ ಹಾಕಿ, ಬರುತ್ತೇನೆ.