ಪಾಯಕ್ಕಿಂತ ಮೊದಲು ಪಹಣಿ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಗ್ರಾಮ ಪಂಚಾಯತಿ ಕಾರ್ಯದರ್ಶಿಯೊಬ್ಬರ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಬಣಕಲ್ ಹೋಬಳಿ. ಊರೊಳಗೆ ಅಜ್ಜನ ಕಾಲದ ಹಂಚಿನ ಮನೆ ಇದೆ. ಹೋದ ಮಳೆಗಾಲದಲ್ಲಿ ಅಡುಗೆಮನೆ ಕಡೆಯ ಮಣ್ಣಿನ ಗೋಡೆ ಕುಸಿದು ಕೂತಿತು. ಊರಿಂದ ಅರ್ಧ ಮೈಲಿ ದೂರದಲ್ಲಿ ಎರಡು ಎಕರೆ ಹತ್ತು ಗುಂಟೆ ಕಾಫಿ ತೋಟವಿದೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಇಲ್ಲಿರುವುದು ಅಮ್ಮ, ನಾನು, ನನ್ನ ಮಗ. ತಮ್ಮ ಬೆಂಗಳೂರಿನಲ್ಲಿದ್ದಾನೆ. ತೋಟದಲ್ಲೇ ಒಂಬೈನೂರು ಚದರಡಿಯ ಒಂದು ಮನೆ ಕಟ್ಟಿಕೊಳ್ಳೋಣ ಅಂತಿದ್ದೇನೆ. ಪಂಚಾಯತಿಗೆ ಎರಡು ಸಲ ಹೋಗಿ ಕೇಳಿದೆ, ‘ನೋಡೋಣ, ಹಬ್ಬ ಕಳೀಲಿ’ ಅಂದರು. ಮೇಸ್ತ್ರಿ ನೋಡಿದರೆ ‘ಪಾಯ ತೆಗೆದುಬಿಡೋಣ ಅಕ್ಕ, ಕಾಗದ ಆಮೇಲೆ ತಾನಾಗೇ ಆಗುತ್ತೆ, ಮಳೆ ಹಿಡಿಯೋದರೊಳಗೆ ಮಾಡು ಹೊದಿಸಬೇಕು’ ಅಂತಿದ್ದಾನೆ. ನಾನು ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಮೇಸ್ತ್ರಿ ಮಳೆಯ ಬಗ್ಗೆ ಹೇಳಿದ್ದು ಸರಿ, ಕಾಗದದ ಬಗ್ಗೆ ಹೇಳಿದ್ದು ತಪ್ಪು. ನಾನು ಮಂಡಲ ಪಂಚಾಯತಿ ಕಾಲದಲ್ಲಿ ಕೆಲಸಕ್ಕೆ ಸೇರಿದವನು. ಬೇಲೂರು, ಆಲೂರು, ಮೂಡಿಗೆರೆ ಸುತ್ತಿ ಮೂವತ್ತೊಂದು ವರ್ಷ ಈ ಕಾಗದಗಳ ನಡುವೆಯೇ ಕಳೆದೆ. ತಾನಾಗಿ ಆದ ಕಾಗದ ಒಂದನ್ನೂ ನೋಡಲಿಲ್ಲ. ಪಾಯ ತೆಗೆಯಬೇಡಿ.

ಯಾಕೆ ಇಷ್ಟು ಖಡಕ್ಕಾಗಿ ಹೇಳುತ್ತೇನೆಂದರೆ, ಇದು ನಮ್ಮ ಮನೆಯಲ್ಲೇ ಆಗಿದೆ. ನಮ್ಮ ಭಾವ ಹೀಗೇ ಒಬ್ಬರ ಬಾಯಿಮಾತು ನಂಬಿ ಮನೆ ಎತ್ತಿದರು. ನಾನು ಆಗ ಬೇರೆ ತಾಲ್ಲೂಕಿನಲ್ಲಿದ್ದೆ, ವಿಷಯ ತಿಳಿಯುವ ಹೊತ್ತಿಗೆ ಗೋಡೆ ಸಜ್ಜದ ಮಟ್ಟಕ್ಕೆ ಬಂದಿತ್ತು. ಪಕ್ಕದ ಜಮೀನಿನವರು ತಕರಾರು ಹಾಕಿದರು, ಸರ್ವೆಯವರು ಚೈನು ಹಿಡಿದರು, ಅಡುಗೆಮನೆಯ ನಡುವೆಯೇ ಸರ್ವೆ ನಕಾಶೆಯಲ್ಲಿ ಕಂಡ ಗಾಡಿದಾರಿ ಹಾದುಹೋಗಿತ್ತು. ‘ಕಟ್ಟಿಕೊಳ್ಳಿ’ ಎಂದಿದ್ದವರು ಯಾರೂ ಆ ದಿನ ಮುಂದೆ ಬರಲಿಲ್ಲ, ಬರೆದುಕೊಟ್ಟಿದ್ದರೆ ತಾನೇ ಬರುವುದು. ಆ ಗೋಡೆ ಬಿಚ್ಚಿದ ಜಂಬಿಟ್ಟಿಗೆ ಕಲ್ಲುಗಳನ್ನು ಅಕ್ಕ ಹಿತ್ತಿಲಲ್ಲಿ ಪೇರಿಸಿಟ್ಟಿದ್ದಳು. ಇವತ್ತಿಗೂ ಅಲ್ಲೇ ಇವೆ, ಮೇಲೆ ಮೆಣಸಿನ ಬಳ್ಳಿ ಹಬ್ಬಿದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ತೋಟದಲ್ಲೇ ಕಟ್ಟೋಣ ಅಂತಿದ್ದೀರಿ, ಊರೊಳಗೆ ಹಳೇ ಮನೆಯ ಜಾಗವೂ ಇದೆ. ಅದಕ್ಕಿಂತ ಮೊದಲಿನ ಪ್ರಶ್ನೆ, ನೆಲ ಯಾರ ಹೆಸರಲ್ಲಿದೆ ಎನ್ನುವುದು. ಅಜ್ಜನ ಹೆಸರಿನ ಪಹಣಿ ಹಿಡಿದು ಮೊಮ್ಮಗಳು ಪರವಾನಗಿ ಪಡೆಯಲು ಬರುವುದಿಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಲೇಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಅಜ್ಜನ ಮತ್ತು ಅಪ್ಪನ ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ಮಲೆನಾಡಿನ ಒಂಟಿಮನೆಗಳಲ್ಲಿ ಹಿಂದಿನ ಎಷ್ಟೋ ಸಾವುಗಳು ಸೂತಕ ಕಳೆದಲ್ಲಿಗೇ ಮುಗಿದಿವೆ, ರಿಜಿಸ್ಟರಿಗೆ ಏರಿಲ್ಲ. ಅಜ್ಜನದೂ ಹಾಗಾಗಿದ್ದರೆ, ಒಂದು ವರ್ಷ ದಾಟಿದ ಮರಣವನ್ನು ಬರೆಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ತಿಂಗಳುಗಳು ಹಿಡಿಯುವುದು ಇಲ್ಲೇ. ಹಾಗಾಗಿ ಇದನ್ನು ನಾಳೆಯೇ ಶುರು ಮಾಡಿ.

ಅಜ್ಜನಿಗೆ ಎಷ್ಟು ಮಕ್ಕಳು ಎಂದು ನೀವು ಬರೆದಿಲ್ಲ. ಅಪ್ಪನಿಗೆ ಅಕ್ಕತಂಗಿಯರು ಇದ್ದರೆ ಅವರ ಹೆಸರು ವಂಶವೃಕ್ಷದಲ್ಲಿ ಇರಲೇಬೇಕು. ‘ಅತ್ತೆ ಮದುವೆಯಾಗಿ ಕೊಪ್ಪಕ್ಕೆ ಹೋದಳು, ಅವಳಿಗೆ ಆಗಲೇ ಬಂಗಾರ ಹಾಕಿ ಕಳಿಸಿದ್ದಾಗಿದೆ’ ಎಂದು ಹೆಸರು ಬಿಟ್ಟು ಬರೆದ ವಂಶವೃಕ್ಷಗಳನ್ನು ನಾನು ಬಹಳ ಕಂಡಿದ್ದೇನೆ. ಇಪ್ಪತ್ತು ವರ್ಷದ ಮೇಲೆ ಆ ಅತ್ತೆಯ ಮಗ ಕೋರ್ಟಿಗೆ ಹೋದದ್ದನ್ನೂ ಕಂಡಿದ್ದೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿದೆ. ತಮ್ಮನ ಎದುರು ನಿಮ್ಮ ಕೈ ಹಿಡಿಯುವುದೂ ಅದೇ ಕಾನೂನು. ನಿಮಗೆ ಬೇಕಾದ ಹಕ್ಕನ್ನು ಅತ್ತೆಗೆ ಇಲ್ಲ ಎನ್ನಬೇಡಿ. ಹಣ್ಣು, ಎಲೆ-ಅಡಿಕೆ ಹಿಡಿದು ಅವರ ಮನೆಗೆ ಹೋಗಿ, ಕೂತು ಮಾತಾಡಿ. ಅವರಾಗಿಯೇ ಬಿಟ್ಟುಕೊಟ್ಟರೆ ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಿ. ಬಿಳಿ ಹಾಳೆಯ ಮೇಲಿನ ಸಹಿ ಸಾಲದು. ಪಾಲಾಗುವುದಾದರೆ ಜಮೀನಿಗೆ 11ಇ ನಕ್ಷೆ (ಪಾಲಿನ ಸರ್ವೆ ನಕ್ಷೆ) ಮಾಡಿಸಿ, ವಿಭಾಗ ಪತ್ರವನ್ನೂ ನೋಂದಾಯಿಸಿ.

ಇನ್ನು ತೋಟವೋ ಊರೊಳಗೋ ಎನ್ನುವುದು. ನನ್ನನ್ನು ಕೇಳಿದರೆ ಊರೊಳಗೇ ಕಟ್ಟಿ.

ತೋಟದಲ್ಲಿ ಕಟ್ಟುವುದಕ್ಕೆ ಕಾನೂನು ಅಡ್ಡಿಯಿಲ್ಲ ಎನ್ನುವುದನ್ನು ಮೊದಲು ಹೇಳುತ್ತೇನೆ. ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ರೈತ ತನ್ನ ಜಮೀನಿನಲ್ಲಿ ತಾನು ವಾಸಿಸಲು, ದನ ಕಟ್ಟಲು, ಸಲಕರಣೆ ಇಡಲು ಮನೆ ಕಟ್ಟಿಕೊಳ್ಳಬಹುದು, ಅದಕ್ಕೆ ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಆದೇಶ, ಬೇಡ. ಹಿಡುವಳಿಯ ಶೇಕಡಾ 10ರ ಮಿತಿಯೊಂದಿದೆ. ನಿಮ್ಮದು ತೊಂಬತ್ತು ಗುಂಟೆ, ಅದರಲ್ಲಿ ಹತ್ತನೇ ಒಂದು ಪಾಲು ಎಂದರೆ ಒಂಬತ್ತು ಗುಂಟೆ. ಒಂಬೈನೂರು ಚದರಡಿ ಒಂದು ಗುಂಟೆಯೂ ಆಗುವುದಿಲ್ಲ. ಪಾಲಾಗಿ ನಿಮ್ಮ ಭಾಗಕ್ಕೆ ಇಪ್ಪತ್ತು ಗುಂಟೆ ಬಂದರೂ ಮಿತಿ ಮೀರದು. ತೊಡಕು ಇರುವುದು ಆಮೇಲೆ. ಪರಿವರ್ತನೆಯಾಗದ ಜಮೀನಿನ ಮನೆಗೆ ಪಂಚಾಯತಿಯ ಆಸ್ತಿ ದಾಖಲೆಯಾದ ನಮೂನೆ 11ಎ ಸಿಗುವುದಿಲ್ಲ. ಅದಿಲ್ಲದೆ ಬ್ಯಾಂಕಿನವರು ಸಾಮಾನ್ಯವಾಗಿ ಮನೆ ಸಾಲದ ಫೈಲನ್ನು ಮುಂದೆ ತಳ್ಳುವುದಿಲ್ಲ. ಆ ಮನೆಯನ್ನು ಬಾಡಿಗೆ ವ್ಯಾಪಾರಕ್ಕೆ ಬಿಡುವಂತೆಯೂ ಇಲ್ಲ. ನಮ್ಮ ಕಡೆ ‘ತೋಟದ ಮನೆ’ ಎಂದು ಹೇಳಿ ಕಟ್ಟಿ ಮರುವರ್ಷವೇ ಹೋಂಸ್ಟೇ ಬೋರ್ಡು ಹಾಕುವವರಿದ್ದಾರೆ. ಅಂಥ ಯೋಚನೆ ನಿಮ್ಮ ಮನಸ್ಸಿನ ಮೂಲೆಯಲ್ಲಿ ಇದ್ದರೂ ಈಗಲೇ ಪರಿವರ್ತನೆಗೆ ಅರ್ಜಿ ಹಾಕುವುದು ಒಳ್ಳೆಯದು.

ಊರೊಳಗಿನ ಜಾಗ ಗ್ರಾಮಠಾಣದೊಳಗೇ (ದಾಖಲೆಯಲ್ಲಿ ಊರಿನ ವಾಸಕ್ಕೆಂದು ಗುರುತಾದ ಜಾಗದೊಳಗೇ) ಇದ್ದರೆ ಪರಿವರ್ತನೆಯ ಮಾತೇ ಬರುವುದಿಲ್ಲ. ದಾರಿ ಇದೆ, ಕರೆಂಟ್ ಕಂಬ ಇದೆ, ನಲ್ಲಿ ಇದೆ. ಅಮ್ಮನಿಗೆ ವಯಸ್ಸಾಗಿದೆ, ರಾತ್ರಿ ಹೊತ್ತು ಕೂಗಿದರೆ ಓಗೊಡುವ ನೆರೆ ಇದೆ. ಪಂಚಾಯತಿ ಆಸ್ತಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಮಾಡಿಸಿಕೊಳ್ಳಿ, ಅದರಲ್ಲಿ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರ ಡಿಜಿಟಲ್ ಸಹಿ ಇರುತ್ತದೆ. ‘ಮೂವತ್ತು ವರ್ಷದಿಂದ ಮನೆ ಕಂದಾಯ ಕಟ್ಟಿದ ರಸೀದಿ ಇದೆಯಲ್ಲ’ ಎನ್ನಬಹುದು. ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಒಡೆತನಕ್ಕೆ ಅಲ್ಲ.

ಇಲ್ಲೊಂದು ಮಾತು, ದಯವಿಟ್ಟು ಮರೆಯಬೇಡಿ. ಅಳತೆ ಆಗುವ ತನಕ ಹಳೇ ಮನೆಯನ್ನು ಕೆಡವಬೇಡಿ. ಪಂಚಾಯತಿ ರಿಜಿಸ್ಟರಿನಲ್ಲಿ ಉದ್ದಗಲ ಒಂದು ಇರುತ್ತದೆ, ನೆಲದ ಮೇಲೆ ಇನ್ನೊಂದು. ನಿಮ್ಮ ಚಕ್ಕುಬಂದಿಗೆ, ಅಂದರೆ ನಾಲ್ಕು ದಿಕ್ಕಿನ ಗಡಿಗೆ, ಈಗ ಉಳಿದಿರುವ ಸಾಕ್ಷಿ ಆ ಮಣ್ಣಿನ ಗೋಡೆಯೇ. ಕುಸಿದ ಅಡುಗೆಮನೆಯ ಬುಡದಲ್ಲಿ ಹಳೇ ಪಾಯದ ಕಲ್ಲು ಕಾಣುತ್ತಿದ್ದರೆ ಅದನ್ನೂ ಕದಲಿಸಬೇಡಿ. ನಾಲ್ಕೂ ಮೂಲೆಯಿಂದ ಫೋಟೋ ತೆಗೆದಿಡಿ. ಭೂಮಾಪಕರು ಬಂದ ದಿನ ಅಕ್ಕಪಕ್ಕದವರನ್ನು ಕರೆದು ನಿಲ್ಲಿಸಿ, ಕಾಫಿ ಕೊಡಿ, ಅವರೆದುರೇ ಗಡಿ ಗುರುತಿಸಿ. ಗೋಡೆ ಬಿದ್ದ ಮೇಲೆ ಅರ್ಧ ಅಡಿಗಾಗಿ ನೆರೆಮನೆಯವರ ಜೊತೆ ಮಾತು ಬಿಟ್ಟವರು ನನಗೆ ಗೊತ್ತಿದ್ದಾರೆ.

ಇನ್ನು ಅರ್ಜಿ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣ ಹೇಳುವುದು ಸರಳವಾಗಿದೆ. ಹೊಸದಾಗಿ ಕಟ್ಟಲು, ಇದ್ದದ್ದಕ್ಕೆ ಸೇರಿಸಲು, ಬಿದ್ದದ್ದನ್ನು ಮತ್ತೆ ಎಬ್ಬಿಸಲು ಗ್ರಾಮ ಪಂಚಾಯತಿಯ ಲಿಖಿತ ಅನುಮತಿ ಬೇಕು. ಅದೇ ಪ್ರಕರಣ ಪಂಚಾಯತಿಗೂ ಒಂದು ಗಡುವು ಹಾಕಿದೆ. ಅರ್ಜಿ ಸ್ವೀಕರಿಸಿದ ದಿನದಿಂದ 60 ದಿನದೊಳಗೆ ಹೌದು ಅಥವಾ ಇಲ್ಲ ಎಂದು ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ನೀವು ಎರಡು ಸಲ ಹೋಗಿ ಬಾಯಲ್ಲಿ ಕೇಳಿದ್ದೀರಲ್ಲ, ಆ 60 ದಿನ ಇನ್ನೂ ಶುರುವೇ ಆಗಿಲ್ಲ. ಅರ್ಜಿಯ ಜೊತೆಗೆ ನಮೂನೆ 9 ಮತ್ತು 11ಎ, ಈ ಸಾಲಿನ ಕಂದಾಯ ರಸೀದಿ, ಎಂಜಿನಿಯರ್ ಸಹಿಯಿರುವ ನಕ್ಷೆ, ಜಾಗದ ಫೋಟೋ, ಆಧಾರ್ ಪ್ರತಿ ಇಟ್ಟು ಕೊಡಿ. ಜಂಟಿ ಖಾತೆಯಾದರೆ ಅಮ್ಮನದೂ ತಮ್ಮನದೂ ಒಪ್ಪಿಗೆ ಪತ್ರ ಇರಲಿ. ಸ್ವೀಕೃತಿಯ ಮೇಲೆ ತಾರೀಕು, ಮೊಹರು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲಿಳಿಯಬೇಡಿ. ಸರ್ಕಾರದ ‘ಸಕಾಲ’ ಸೇವಾ ವ್ಯವಸ್ಥೆಯಲ್ಲಿ ದಾಖಲಾದರೆ 15 ಅಂಕಿಯ ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಡಿ. ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರೆ ಸ್ವೀಕೃತಿ ಚೀಟಿ ಬರುವಂತೆ ಅಂಚೆಯಲ್ಲಿ ಕಳಿಸಿ. ಶುಲ್ಕ ಆಯಾ ಪಂಚಾಯತಿಯ ಉಪವಿಧಿಯಂತೆ ಇರುತ್ತದೆ. ಎಷ್ಟೇ ಇರಲಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದನ್ನು ಆ ಮೇಜಿನ ಆಚೆ ಕೂತಿದ್ದವನಾಗಿಯೇ ಹೇಳುತ್ತಿದ್ದೇನೆ.

60 ದಿನ ಕಳೆದೂ ಉತ್ತರವಿಲ್ಲದಿದ್ದರೆ? ಕಾನೂನು ನಿಮ್ಮ ಕಡೆಗಿದೆ. ಆದರೂ 61ನೇ ದಿನವೇ ಗುದ್ದಲಿ ಹಾಕಬೇಡಿ. ಇಂಥ ದಿನ ಅರ್ಜಿ ಕೊಟ್ಟಿದ್ದೇನೆ, ಗಡುವು ಮುಗಿದಿದೆ, ಕೆಲಸ ಶುರುಮಾಡುತ್ತಿದ್ದೇನೆ ಎಂದು ಪಂಚಾಯತಿಗೆ ಬರೆದು, ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಒಂದು ಪ್ರತಿ ಕೊಡಿ. ಎಷ್ಟೋ ಸಲ ಆ ಪ್ರತಿ ತಲುಪಿದ ವಾರದಲ್ಲೇ ಪರವಾನಗಿ ಕೈಗೆ ಬಂದಿದೆ. ಗಡುವು ಮುಗಿದರೂ ನಿಯಮ ಮೀರಿ ಕಟ್ಟಲು ಅದು ಅನುಮತಿಯಲ್ಲ ಎನ್ನುವುದೂ ನೆನಪಿರಲಿ.

ಕರೆಂಟಿನ ವಿಷಯದಲ್ಲೂ ಎಚ್ಚರ ಬೇಕು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ಕಟ್ಟಡದ ಕಾಗದ ನೋಡದೆ ಸಂಪರ್ಕ ಕೊಡುವುದಕ್ಕೆ ವಿದ್ಯುತ್ ಕಂಪನಿಗಳು ಹಿಂಜರಿಯತೊಡಗಿದವು. ನಿಮ್ಮ ಜಿಲ್ಲೆಗೆ ಮೆಸ್ಕಾಂ. ಶಾಖಾ ಕಚೇರಿಗೆ ಹೋಗಿ, ಯಾವ ಯಾವ ಕಾಗದ ಕೇಳುತ್ತಾರೆಂದು ಪಾಯಕ್ಕೆ ಮೊದಲೇ ತಿಳಿದುಕೊಳ್ಳಿ. ಹಳೇ ಮನೆಯ ಮೀಟರನ್ನು ಅವಸರಕ್ಕೆ ಬಿದ್ದು ವಾಪಸ್ ಮಾಡಬೇಡಿ.

ಕೊನೆಗೂ ತೋಟದಲ್ಲೇ ಎಂದು ಮನಸ್ಸು ಗಟ್ಟಿಯಾದರೆ ಒಂದು ವಿಷಯದಲ್ಲಿ ನನ್ನ ಮಾತು ಕೇಳಿ. ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದು ತಟ್ಟು ಮಾಡಿ ಅದರ ಬುಡದಲ್ಲಿ ಮನೆ ಇಡಬೇಡಿ. 2019ರ ಆಗಸ್ಟ್‌ನಲ್ಲಿ ನಿಮ್ಮದೇ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಇಳಿದು ಬಂದದ್ದು ನಿಮಗೆ ನಾನು ಹೇಳಬೇಕಿಲ್ಲ. 2024ರ ಜುಲೈನಲ್ಲಿ ಸಕಲೇಶಪುರದ ಆಚೆ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಮತ್ತೆ ಮತ್ತೆ ಮಣ್ಣು ಬಿತ್ತು. ಜೆಸಿಬಿ ಎರಡು ಗಂಟೆಯಲ್ಲಿ ಕಡಿದು ಹಾಕುವ ಗುಡ್ಡದ ಬುಡ ಮರದ ಬೇರು ನೂರಾರು ವರ್ಷ ಹಿಡಿದಿಟ್ಟದ್ದು. ಪಂಚಾಯತಿ ನಕ್ಷೆಯಲ್ಲಿ ಗೋಡೆ, ಕಿಟಕಿ, ಬಚ್ಚಲು ಎಲ್ಲ ಕಾಣುತ್ತವೆ, ಹಿಂದೆ ನಿಂತ ಹದಿನೈದು ಅಡಿ ಧರೆ ಕಾಣುವುದಿಲ್ಲ. ಅದನ್ನು ನೀವೇ ನೋಡಬೇಕು. ಮಳೆಗಾಲದಲ್ಲಿ ಜಲ ಎಲ್ಲಿ ಏಳುತ್ತದೆ ಎಂದು ಅಮ್ಮನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಜಲ ಏಳುವ ಕಡೆ ಪಾಯ ಬೇಡ.

ಈ ಬೇಸಗೆ ತಪ್ಪಿದರೆ ತಪ್ಪಲಿ. ಮಳೆಗಾಲದೊಳಗೆ ಪೌತಿ ಖಾತೆ, ಅಳತೆ, ನಮೂನೆ ಮುಗಿಸಿ, ನವರಾತ್ರಿಗೆ ಮೊದಲು ಅರ್ಜಿ ಕೊಡಿ. ದೀಪಾವಳಿ ಕಳೆದು ನೆಲ ಆರುವ ಹೊತ್ತಿಗೆ ಪರವಾನಗಿ ಬಂದಿದ್ದರೆ ಮೇ ತನಕ ಆರು ತಿಂಗಳು ಸಿಗುತ್ತದೆ. ಒಂಬೈನೂರು ಚದರಡಿಗೆ ಅಷ್ಟು ಸಾಕು. ಅಲ್ಲಿಯ ತನಕ ಬಿದ್ದ ಗೋಡೆಯ ಕಡೆಗೆ ತಗಡು ಕಟ್ಟಿಸಿ, ಅಮ್ಮನ ಮಂಚವನ್ನು ಆ ಬದಿಯಿಂದ ಈಚೆಗೆ ಹಾಕಿ.

ಪ್ರಶ್ನೆ: ನಮ್ಮೂರು ಸಕಲೇಶಪುರ ತಾಲ್ಲೂಕಿನಲ್ಲಿದೆ, ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿದೆ. ಇನ್ನು ಇಲ್ಲಿ ಒಂದು ಕೋಣೆಯನ್ನೂ ಕಟ್ಟುವಂತಿಲ್ಲ ಎನ್ನುತ್ತಾರೆ. ನನಗೆ ಸಾವಿರ ಚದರಡಿಯ ಮನೆ ಬೇಕು. ಅರ್ಜಿ ಹಾಕಿ ಪ್ರಯೋಜನ ಉಂಟೇ?

ಉತ್ತರ: ಉಂಟು, ಹಾಕಿ. ಆ ವರದಿಯ ಆಧಾರದ ಮೇಲೆ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಬರುತ್ತಲೇ ಇದೆ. 2024ರ ಜುಲೈ 31ರಂದು ಬಂದದ್ದು ಆರನೆಯದು. ಕಟ್ಟಡದ ಮಟ್ಟಿಗೆ ಅದು ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿರ್ಮಾಣಗಳನ್ನು, ಅಂದರೆ ಎರಡು ಲಕ್ಷ ಚದರಡಿಗೂ ಮೇಲಿನದನ್ನು. ನಿಮ್ಮ ಮನೆ ನೂರು ಚದರ ಮೀಟರ್ ಕೂಡ ಇಲ್ಲ. ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ ಅದರಲ್ಲಿ ಬರುತ್ತವೆ, ನಿಮ್ಮ ಅಡುಗೆಮನೆ ಬರುವುದಿಲ್ಲ. ಹೆದರಿಸುವವರ ಮಾತಿಗೆ ಜಾಗ ಅಗ್ಗಕ್ಕೆ ಮಾರಿದವರನ್ನು ನೋಡಿ ನನಗೆ ಸಂಕಟವಾಗಿದೆ.

ನೀವು ನೋಡಬೇಕಾದದ್ದು ಬೇರೆ. ನಿಮ್ಮ ಸರ್ವೆ ನಂಬರು ಅರಣ್ಯ ಕಾಯ್ದೆಯ ಸೆಕ್ಷನ್ 4ರ (ಮೀಸಲು ಅರಣ್ಯ ಮಾಡುವ ಪ್ರಸ್ತಾವದ) ಅಧಿಸೂಚನೆಯಲ್ಲಿ, ಡೀಮ್ಡ್ ಫಾರೆಸ್ಟ್ (ಅರಣ್ಯವೆಂದೇ ಪರಿಗಣಿಸಿದ ಜಾಗ) ಪಟ್ಟಿಯಲ್ಲಿ ಅಥವಾ ಸಿ ಮತ್ತು ಡಿ ದರ್ಜೆಯ ಸರ್ಕಾರಿ ಜಮೀನಿನಲ್ಲಿ ಸೇರಿದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೂ ಬರೆದು ಕೇಳಿ, ಬರೆದೇ ಉತ್ತರ ಪಡೆಯಿರಿ. ಸೇರಿದ್ದರೆ ಆ ಗಂಟು ಬಿಡಿಸುವ ತನಕ ಕೈ ಹಾಕಬೇಡಿ. ಸೇರಿಲ್ಲದಿದ್ದರೆ ಆ ಉತ್ತರದ ಪ್ರತಿಯನ್ನೇ ಪಂಚಾಯತಿ ಅರ್ಜಿಯ ಮೇಲೆ ಮೊದಲ ಹಾಳೆಯಾಗಿ ಲಗತ್ತಿಸಿ.