ತೋಟದ ಕಾವಲಿಗೆ ಆಶ್ರಯಕೇಂದ್ರದಿಂದ ನಾಯಿ ತರುವುದಾದರೆ ಮರಿ ಒಳ್ಳೆಯದೋ, ಬೆಳೆದದ್ದೋ?

ವಿರಾಜಪೇಟೆಯ ನಿಮ್ಮ ತೋಟಕ್ಕೆ ಮರಿ ತರಲೋ, ಬೆಳೆದ ನಾಯಿ ತರಲೋ ಎಂದು ಕೇಳಿದ್ದೀರಿ. ಅದರಲ್ಲಿ ವಿರಾಜಪೇಟೆಯ ಜಾಗದಲ್ಲಿ ಸೋಮವಾರಪೇಟೆ ಎಂದು ಬರೆದರೆ ಅದು 2019ರಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆಯೇ ಆಗುತ್ತದೆ. ಆ ಡಿಸೆಂಬರ್‌ನಲ್ಲಿ, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಮೂರು ದಿನ ಇರುವಾಗ, ಮೈಸೂರಿನ ಆಶ್ರಯಕೇಂದ್ರವೊಂದರಿಂದ ಎರಡು ವರ್ಷದ ಕಂದು ಬಣ್ಣದ ನಾಟಿ ಹೆಣ್ಣುನಾಯಿಯನ್ನು ತಂದೆವು. "ಸಾರ್, ಹದಿನೈದು ದಿನ ಹೊರಗೆ ಬಿಡಬೇಡಿ, ಒಂದೇ ಕೋಣೆಯಲ್ಲಿರಲಿ" ಎಂದು ಅಲ್ಲಿನ ಹುಡುಗ ಎರಡು ಸಲ ಹೇಳಿದ್ದ. ಗೂಡಿನಲ್ಲಿದ್ದ ಪ್ರಾಣಿಗೆ ಐದು ಎಕರೆ ತೋಟಕ್ಕಿಂತ ಹೆಚ್ಚಿನದೇನು ಬೇಕು ಎಂದುಕೊಂಡು ಮಾರನೆಯ ಬೆಳಿಗ್ಗೆಯೇ ಬಿಚ್ಚಿಬಿಟ್ಟೆ. ಅದು ಎಲ್ಲಿಗೂ ಹೋಗದೆ ಮೆಟ್ಟಿಲ ಬಳಿ ಮಲಗಿತು. ಅದನ್ನು ನೋಡಿ ಮನೆಗೆ ಒಗ್ಗಿತೆಂದು ತಿಳಿದದ್ದೇ ನನ್ನ ತಪ್ಪು. ಹೆದರಿದ ನಾಯಿಯೂ ಹಾಗೆಯೇ ಅಲುಗಾಡದೆ ಮಲಗುತ್ತದೆ. ಬಾಲ ಹೊಟ್ಟೆಗೆ ಅಂಟಿಕೊಂಡಿದ್ದನ್ನು, ನಾವು ಒಳಗೆ ಹೋದ ಮೇಲಷ್ಟೇ ಅನ್ನಕ್ಕೆ ಬಾಯಿ ಹಾಕುತ್ತಿದ್ದುದನ್ನು ಕಂಡಿದ್ದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ನಮ್ಮನ್ನು ಇನ್ನೂ ನಂಬದ, ಸುತ್ತಲಿನ ದಾರಿ ತಿಳಿಯದ ನಾಯಿ ಒಮ್ಮೆ ಓಡಿದರೆ ಅದಕ್ಕೆ ಮರಳಿ ಬರಲು ಮನೆಯೆಂಬುದೇ ಇರುವುದಿಲ್ಲ. ಹುತ್ತರಿಯ ರಾತ್ರಿ ಪದ್ಧತಿಯಂತೆ ಗದ್ದೆಯಲ್ಲಿ ಕೋವಿಯ ಗುಂಡು ಹಾರಿತು. "ಪೊಲಿ ಪೊಲಿ ದೇವಾ" ಎಂದು ಕೂಗಿ, ಕದಿರು ಹೊತ್ತು ಮನೆಗೆ ಬರುವಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು.

ಹನ್ನೊಂದನೆಯ ದಿನ ಪಕ್ಕದ ತೋಟದ ಕಾಫಿ ಕಣದಲ್ಲಿ, ಟಾರ್ಪಾಲಿನ ಅಡಿಯಲ್ಲಿ ಸಿಕ್ಕಿತು. ಕಿವಿಯೊಳಗೆ ರಕ್ತ ಹೀರುವ ಉಣ್ಣೆಗಳು ಒಣಗಿದ ಮೆಣಸಿನ ಕಾಳುಗಳಂತೆ ಸಾಲುಗಟ್ಟಿದ್ದವು, ಒಸಡು ಬಿಳಿಚಿಕೊಂಡಿತ್ತು. ಉಣ್ಣೆ ಕಚ್ಚಿ ಬರುವ ಜ್ವರಕ್ಕೆ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ನುಂಗಿಸಿದೆವು.

ಆದ್ದರಿಂದ ಮರಿಯೋ ಬೆಳೆದದ್ದೋ ಎಂಬುದು ನನ್ನ ಮಟ್ಟಿಗೆ ಆಮೇಲಿನ ಮಾತು. (ಸ್ವಭಾವ ಕಣ್ಣಿಗೆ ಕಾಣುವ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ರೇಬಿಸ್, ಡಿಸ್ಟೆಂಪರ್ ಲಸಿಕೆಗಳೂ ಆಗಿರುವ ಬೆಳೆದ ನಾಯಿಯೇ ಮೇಲು.) ಕಾವಲಿಗೆಂದೇ ಆದರೆ ದಯವಿಟ್ಟು ತರಬೇಡಿ, ಆ ಹಣದಲ್ಲಿ ಬೇಲಿ ಹಾಕಿಸಿ, ರಾತ್ರಿ ಹೊರಗೆ ಕಟ್ಟಿದ ನಾಯಿ ನಮ್ಮ ಕಡೆ ಚಿರತೆಗೆ ಬಡಿಸಿಟ್ಟ ಊಟ. ಜೊತೆಗೊಂದು ಜೀವ ಬೇಕೆನಿಸಿದರೆ ಹಬ್ಬವೂ ಕಾಫಿ ಕುಯ್ಲೂ ಮುಗಿದ ಮೇಲೆ, ಮನೆಯಲ್ಲಿ ಒಬ್ಬರಾದರೂ ಹದಿನೈದು ದಿನ ಬಿಡುವಾಗಿರುವ ಹೊತ್ತಿಗೆ ತನ್ನಿ.

ನಮ್ಮದು ಈಗಲೂ ಗುಂಡಿನ ಸದ್ದಿಗೆ ನಡುಗುತ್ತದೆ. ಪ್ರತಿ ಹುತ್ತರಿಗೂ ನಮ್ಮಲ್ಲೊಬ್ಬರು ಗದ್ದೆಗೆ ಹೋಗದೆ, ಒಳಕೋಣೆಯಲ್ಲಿ ರೇಡಿಯೊ ಜೋರಾಗಿಟ್ಟು ಅದರ ಪಕ್ಕದಲ್ಲಿ ಕೂರುತ್ತೇವೆ. ಕಳೆದ ಸಲ ನನ್ನ ಸರದಿಯಿತ್ತು.