ಎಂಡೊಮೆಟ್ರಿಯೋಸಿಸ್: ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ಖರ್ಚು

ಪ್ರಶ್ನೆ: ನನಗೆ 29 ವರ್ಷ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿದ್ದೇನೆ. ಹದಿನೆಂಟರಿಂದಲೂ ಮುಟ್ಟಿನ ಸಮಯದಲ್ಲಿ ತಡೆಯಲಾಗದ ಹೊಟ್ಟೆನೋವು. ಅದು ಎಂಡೊಮೆಟ್ರಿಯೋಸಿಸ್ ಎಂದು ಗೊತ್ತಾದದ್ದು ಕಳೆದ ವರ್ಷ. ಪ್ರತಿ ತಿಂಗಳು ಎರಡು ದಿನದ ಸಂಬಳ ಮತ್ತು ಹಾಜರಾತಿ ಭತ್ಯೆ ಹೋಗುತ್ತದೆ. ಸ್ಕ್ಯಾನಿಂಗ್, ಮಾತ್ರೆಗಳ ಖರ್ಚು ಬೇರೆ. ಗರ್ಭಕೋಶ ತೆಗೆಸಿಬಿಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಅತ್ತೆ ಹೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ದಯವಿಟ್ಟು ಖರ್ಚಿನ ಲೆಕ್ಕ ನೋಡಿ ಗರ್ಭಕೋಶ ತೆಗೆಸುವ ತೀರ್ಮಾನಕ್ಕೆ ಬರಬೇಡಿ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯದ ಮೇಲೋ ಕರುಳಿನ ಸುತ್ತಲೋ, ಅಂದರೆ ಗರ್ಭಕೋಶದ ಹೊರಗೆ, ಬೆಳೆಯುವುದೇ ಈ ಕಾಯಿಲೆಯಾದ್ದರಿಂದ, ಗರ್ಭಕೋಶ ತೆಗೆದ ಮಾತ್ರಕ್ಕೆ ನೋವು ಹೋಗುತ್ತದೆಂಬ ಖಾತರಿಯಿಲ್ಲ. ಅಂಡಾಶಯಗಳನ್ನೂ ತೆಗೆದರಂತೂ ಈ ವಯಸ್ಸಿಗೇ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚುತ್ತದೆ. ಆ ಖರ್ಚು ಬದುಕಿಡೀ ಬೆನ್ನು ಬಿಡುವುದಿಲ್ಲ. ಹಾರ್ಮೋನ್ ಮಾತ್ರೆಗಳಿಂದ ನೋವು ಹತೋಟಿಗೆ ಬರುವವರು ಬಹಳ ಮಂದಿ ಇದ್ದಾರೆ. ಅದರ ಬಗ್ಗೆ ಸ್ತ್ರೀರೋಗ ತಜ್ಞರಲ್ಲಿ ಮೊದಲು ಕೇಳಿ.

ಕಡಿತವಾದ ಸಂಬಳವೂ ಕಾಯಿಲೆಯ ಖರ್ಚೇ ಎಂಬುದನ್ನು ಅತ್ತೆಯವರಿಗೆ ತಿಳಿಸಿ ಹೇಳಿ. ಯುರೋಪ್ ಮತ್ತು ಅಮೆರಿಕದ ಹತ್ತು ದೇಶಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಕಾಯಿಲೆಯಿಂದ ಒಬ್ಬ ಮಹಿಳೆಯ ಮೇಲೆ ಬೀಳುವ ವಾರ್ಷಿಕ ವೆಚ್ಚವನ್ನು ಸರಾಸರಿ 9,579 ಯೂರೊ ಎಂದು ಅಂದಾಜಿಸಿತು. ಅದರಲ್ಲಿ ಚಿಕಿತ್ಸೆಯ ಪಾಲು 3,113 ಯೂರೊ, ದುಡಿಮೆಯ ನಷ್ಟ 6,298 ಯೂರೊ. ಆ ಮೊತ್ತಗಳು ನಮಗೆ ಹೊಂದಲಾರವು, ಆದರೆ ನಷ್ಟದ ದೊಡ್ಡ ಪಾಲು ಬಿಲ್ಲಿಲ್ಲದೆ ಹೋಗುತ್ತದೆ ಎಂಬ ಮಾತು ನಿಮ್ಮ ಸಂಬಳದ ಚೀಟಿಗೂ ಸಲ್ಲುತ್ತದೆ. ನೋವು ನುಂಗಿಕೊಂಡು ಮೆಷಿನ್ ಮುಂದೆ ಕುಳಿತು, ಗಂಟೆಯ ಟಾರ್ಗೆಟ್ ಮುಟ್ಟಲಾಗದೆ ಸೂಪರ್‌ವೈಸರ್‌ನಿಂದ ಮಾತು ಕೇಳುವ ದಿನಗಳನ್ನೂ ನಷ್ಟದಲ್ಲೇ ಬರೆದುಕೊಳ್ಳಬೇಕು.

ನಿಮ್ಮ ಸಂಬಳ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿರಬೇಕು, ಚೀಟಿಯಲ್ಲಿ ನೋಡಿ. ಹಾಗಿದ್ದರೆ ಸ್ಕ್ಯಾನಿಂಗ್, ಔಷಧಿ, ಬೇಕಾದರೆ ಶಸ್ತ್ರಚಿಕಿತ್ಸೆ, ಎಲ್ಲದಕ್ಕೂ ಇಎಸ್‌ಐ ಚಿಕಿತ್ಸಾಲಯದಿಂದಲೇ ಶುರುಮಾಡಿ. ಕಾಯಿಲೆಯ ರಜೆಗೆ ವೇತನದ ಶೇ 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಅದು ಸಿಗುವುದಿಲ್ಲ. ನೀವು ತಿಂಗಳು ತಿಂಗಳು ಕಳೆದುಕೊಳ್ಳುತ್ತಿರುವುದು ಸರಿಯಾಗಿ ಆ ಎರಡು ದಿನಗಳನ್ನೇ. ಮುಟ್ಟಿನ ನೋವನ್ನು ಗಮನದಲ್ಲಿಟ್ಟು ಈ ನಿಯಮವನ್ನು ಬದಲಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಅನಂತರದ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ನಿಮ್ಮ ಕಾರ್ಖಾನೆಯಲ್ಲಿ ಅದು ಜಾರಿಯಲ್ಲಿದೆಯೇ, ರಜೆ ಪಡೆದರೆ ಹಾಜರಾತಿ ಭತ್ಯೆ ಉಳಿಯುತ್ತದೆಯೇ ಎಂಬ ಎರಡನ್ನೂ ಎಚ್‌ಆರ್ ವಿಭಾಗದಲ್ಲಿ ಬರವಣಿಗೆಯಲ್ಲಿ ಕೇಳಿ.

ಪ್ರಶ್ನೆ: ಮಗಳಿಗೆ ಇದೇ ಕಾಯಿಲೆ ಇದೆ. ಈಗ ಖಾಸಗಿ ಆರೋಗ್ಯ ವಿಮೆ ಮಾಡಿಸಿದರೆ ಉಪಯೋಗವಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ, ಆದರೆ ತಕ್ಷಣಕ್ಕಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಹೊರಬಿದ್ದರೆ ಕ್ಲೇಮ್ ತಿರಸ್ಕೃತವಾಗಬಹುದು. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ ಹಾಗೂ ಬಂಜೆತನದ ಚಿಕಿತ್ಸೆಯನ್ನು ಬಹುಪಾಲು ಪಾಲಿಸಿಗಳು ಹೊರಗಿಡುತ್ತವೆ. ಈ ಕಾಯಿಲೆಯಲ್ಲಿ ಹೆಚ್ಚು ಬೇಕಾಗುವುದೇ ಇವೆರಡು, ಆದ್ದರಿಂದ ಸಹಿ ಹಾಕುವ ಮುನ್ನ ಆ ಷರತ್ತುಗಳನ್ನು ಓದಿಸಿಕೊಳ್ಳಿ.